ಗುಂಟೆಯ ಲೆಕ್ಕಕ್ಕೆ ಸಿಗದ ಬಡತನ

ಕಾರವಾರದ ರೈಲು ನಿಲ್ದಾಣ ಕಾರವಾರ ಪೇಟೆಯಲ್ಲಿಲ್ಲ, ಶಿರವಾಡದಲ್ಲಿದೆ. ಕೊಂಕಣ ರೈಲು ಮಾರ್ಗ 1998ರ ಜನವರಿಯಲ್ಲಿ ಪೂರ್ತಿ ತೆರೆದುಕೊಂಡ ಮೇಲೆ ಈ ಊರು ಜಿಲ್ಲಾ ಕೇಂದ್ರದ ಹೆಬ್ಬಾಗಿಲಾಯಿತು. ಬೆಳಿಗ್ಗೆ ಇಲ್ಲಿ ಗೋವಾ ಕಡೆಯ ಗಾಡಿ ಕಾಯುವವರನ್ನು ನೋಡಿದರೆ ಈ ತಾಲ್ಲೂಕಿನ ಹಣಕಾಸಿನ ಸ್ಥಿತಿ ಅರ್ಧ ತಿಳಿದಂತೆ. ಐಟಿಐ ಮುಗಿಸಿದವರು, ಡಿಗ್ರಿ ಮುಗಿಸಿದವರು, ಮಡಗಾಂವಿನ ಅಂಗಡಿಗಳಲ್ಲಿ ದುಡಿಯುವವರು, ವೆರ್ಣಾದ ಕಾರ್ಖಾನೆಗಳಲ್ಲಿ ಪಾಳಿ ಮಾಡುವವರು. ಬಸ್ಸಿನಲ್ಲಿ, ಬೈಕಿನಲ್ಲಿ ಗಡಿಯ ಮಾಜಾಳಿ ದಾಟುವವರು ಬೇರೆ. 2020ರ ಲಾಕ್‌ಡೌನಿನಲ್ಲಿ ಆ ಗಡಿ ಮುಚ್ಚಿದಾಗ, ಇಲ್ಲಿನ ಎಷ್ಟು ಮನೆಗಳು ಗೋವಾದ ಸಂಬಳದ ಮೇಲೆ ನಿಂತಿವೆ ಎಂಬುದು ಎಲ್ಲರ ಕಣ್ಣಿಗೂ ಬಿತ್ತು.

ಇದರಲ್ಲಿ ವಿಶೇಷವೇನು, ಕೆಲಸ ಇರುವಲ್ಲಿಗೆ ಜನ ಹೋಗುತ್ತಾರೆ ಎನ್ನಬಹುದು. ಆದರೆ ಇದು ಸರ್ಕಾರ ಮರೆತ ಮೂಲೆಯಲ್ಲ. ಇದೇ ತಾಲ್ಲೂಕಿನ ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಅಣು ರಿಯಾಕ್ಟರ್‌ಗಳಿವೆ. ಕಾಳಿ ನದಿಗೆ ಕಟ್ಟಿದ ಕದ್ರಾ ಅಣೆಕಟ್ಟಿನಿಂದ 150 ಮೆಗಾವಾಟ್ ಜಲವಿದ್ಯುತ್ತು. ಬಿಣಗಾದಲ್ಲಿ ರಾಸಾಯನಿಕ ಕಾರ್ಖಾನೆ, ಬೈತಖೋಲದಲ್ಲಿ ಬಂದರು. ಅರಗಾದಿಂದ ಅಂಕೋಲೆಯ ಕಡೆಗೆ ಸುಮಾರು 11 ಸಾವಿರ ಎಕರೆಯಲ್ಲಿ ಹರಡಿದ ಸೀಬರ್ಡ್ ನೌಕಾನೆಲೆ. ಜೊತೆಗೆ ರೈಲು, ಚತುಷ್ಪಥ ಹೆದ್ದಾರಿ. ಎರಡು ಪುಟ್ಟ ತಾಲ್ಲೂಕುಗಳಿಗೆ ಇಷ್ಟೆಲ್ಲ ಬಂದ ಮೇಲೂ ಇಲ್ಲಿನ ಮಕ್ಕಳು ನೆರೆರಾಜ್ಯಕ್ಕೆ ದುಡಿಯಲು ಹೋಗುತ್ತಾರೆ. ಅತ್ತ ಇಲ್ಲಿನ ಬೋಟುಗಳಲ್ಲಿ ಬಲೆ ಎಳೆಯಲು ಒಡಿಶಾ, ಜಾರ್ಖಂಡಿನ ಹುಡುಗರು ಬರುತ್ತಾರೆ. ಅಭಿವೃದ್ಧಿ ಎಂಬುದು ಒಂದು ಊರಿಗೆ ಬರುವುದಕ್ಕೂ ಆ ಊರಿನವರ ಕೈಗೆ ಬರುವುದಕ್ಕೂ ಇರುವ ಅಂತರವನ್ನು ತಿಳಿಯಬೇಕಾದರೆ ಕಾರವಾರ–ಅಂಕೋಲೆಗಿಂತ ಒಳ್ಳೆಯ ಪಾಠಶಾಲೆ ಸಿಗಲಿಕ್ಕಿಲ್ಲ.

ಮೊದಲು ಒಂದು ಮಾತು. ಬಡತನ ಕಡಿಮೆಯಾಗಿಲ್ಲ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ನೀತಿ ಆಯೋಗ 2023ರಲ್ಲಿ ಪ್ರಕಟಿಸಿದ ಬಹುಆಯಾಮದ ಬಡತನ ಸೂಚ್ಯಂಕದ ಪ್ರಕಾರ ದೇಶದಲ್ಲಿ ಬಡವರ ಪ್ರಮಾಣ 2015–16ರ ಶೇ 24.85ರಿಂದ 2019–21ರ ಹೊತ್ತಿಗೆ ಶೇ 14.96ಕ್ಕೆ ಇಳಿದಿದೆ. ಕರ್ನಾಟಕದಲ್ಲಿ ಅದು ಶೇ 12.77ರಿಂದ ಶೇ 7.58ಕ್ಕೆ ಬಂದಿದೆ. ಈ ಸೂಚ್ಯಂಕ ಆದಾಯವನ್ನು ಕೇಳುವುದಿಲ್ಲ. ಪೌಷ್ಟಿಕತೆ, ಶಾಲೆ, ಅಡುಗೆ ಇಂಧನ, ಶೌಚಾಲಯ, ಕುಡಿಯುವ ನೀರು, ಬ್ಯಾಂಕ್ ಖಾತೆ ಹೀಗೆ 12 ಅಂಶಗಳಲ್ಲಿ ಮನೆಗೆ ಯಾವುದಿಲ್ಲ ಎಂದು ಎಣಿಸುತ್ತದೆ. ವಿಶ್ವಬ್ಯಾಂಕಿನ ದಾರಿ ಬೇರೆ. 2025ರ ಜೂನ್‌ನಿಂದ ಅದು, ದೇಶದೇಶಗಳ ಬೆಲೆ ವ್ಯತ್ಯಾಸವನ್ನು ಸರಿದೂಗಿಸಿದ ಮೇಲೆ, ತಲೆಗೆ ದಿನಕ್ಕೆ 3 ಡಾಲರ್ ಖರ್ಚು ಮಾಡಲಾಗದವರನ್ನು ಕಡುಬಡವರೆಂದು ಕರೆಯುತ್ತಿದೆ.

ಎರಡೂ ಅಳತೆ ಬೇಕಾದವೇ. ಆದರೆ ಎರಡೂ ಅಳೆಯುವುದು ಇವತ್ತಿನ ಸ್ಥಿತಿಯನ್ನು. ಗ್ಯಾಸ್ ಇದೆಯೇ, ಕರೆಂಟ್ ಇದೆಯೇ, ಈ ತಿಂಗಳು ಎಷ್ಟು ಖರ್ಚಾಯಿತು? ಆ ಮನೆ ಯಾವುದರ ಆಧಾರದ ಮೇಲೆ ನಿಂತಿದೆ, ನಾಳೆ ಒಬ್ಬ ಕಾಯಿಲೆ ಬಿದ್ದರೆ ಕೈಹಿಡಿಯಲು ಏನಿದೆ, ಹಿಂದೆ ಇದ್ದದ್ದು ಏನು ಕೈಬಿಟ್ಟು ಹೋಯಿತು ಎಂಬುದು ಈ ಅಳತೆಗಳ ಕಣ್ಣಿಗೆ ಬೀಳುವುದಿಲ್ಲ. ಅದನ್ನು ತಿಳಿಯಲು ನೆಲದ ಕಥೆಯನ್ನು ಕೆದಕಬೇಕು. ಈ ಸೀಮೆಯಲ್ಲಿ ನೆಲ ಬಡವರ ಕೈಗೆ ಒಮ್ಮೆ ಬಂದಿತ್ತು. ಆಮೇಲೆ ಅನೇಕರ ಕೈತಪ್ಪಿ ಹೋಯಿತು.

ಬಂದ ಕಥೆ ಹೀಗಿದೆ. ಉತ್ತರ ಕನ್ನಡದ ಕರಾವಳಿಯಲ್ಲಿ ಉಳುವವನೊಬ್ಬ, ಒಡೆಯನೊಬ್ಬ. ಬೆಳೆದದ್ದರಲ್ಲಿ ದೊಡ್ಡ ಪಾಲು ಗೇಣಿಯೆಂದು ಒಡೆಯರ ಮನೆಗೆ ಹೋಗುತ್ತಿತ್ತು. ಮಳೆ ಕೈಕೊಟ್ಟರೂ ಗೇಣಿ ತಪ್ಪುತ್ತಿರಲಿಲ್ಲ. ಹಾಲಕ್ಕಿ ಒಕ್ಕಲಿಗರು, ಕೋಮಾರಪಂತರು, ನಾಮಧಾರಿಗಳು ಬಹುಪಾಲು ಇಂಥ ಗೇಣಿದಾರರೇ. ಇವರನ್ನು ರೈತಕೂಟದಲ್ಲಿ ಕಟ್ಟಿ ನಿಲ್ಲಿಸಿದವರು ಅಂಕೋಲೆಯ ದಿನಕರ ದೇಸಾಯಿ. ನಾಡಿಗೆ ಅವರು ಚುಟುಕು ಕವಿ. ಅಂಕೋಲೆಯ ಗದ್ದೆ ಬಯಲಿನಲ್ಲಿ ಮಾತ್ರ ಅವರು ಗೇಣಿದಾರರ ಪರ ನಿಂತು ಜಿಲ್ಲೆಯಿಂದಲೇ ಗಡಿಪಾರಾದ ನಾಯಕ. 1940ರಿಂದ ಐದು ವರ್ಷ ಅವರು ಸ್ವಂತ ಜಿಲ್ಲೆಗೆ ಕಾಲಿಡುವಂತಿರಲಿಲ್ಲ. ಮುಂದೆ 1967ರಲ್ಲಿ ಇದೇ ಜನ ಅವರನ್ನು ಪಕ್ಷೇತರರಾಗಿ ಲೋಕಸಭೆಗೆ ಕಳಿಸಿದರು.

ಹೋರಾಟದ ಫಲ ಕಾನೂನಾಗಿ ಬಂದದ್ದು ದೇವರಾಜ ಅರಸರ ಕಾಲದಲ್ಲಿ. 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಗೇಣಿ ಜಮೀನೆಲ್ಲ ಸರ್ಕಾರದ ವಶವಾಯಿತು. ಗೇಣಿದಾರ ‘ಏಳನೇ ನಂಬರ್ ಫಾರ್ಮ್’ ತುಂಬಿ ಭೂನ್ಯಾಯಮಂಡಳಿಯ ಮುಂದೆ ಇಟ್ಟರೆ, ವಿಚಾರಣೆಯಾಗಿ ಉಳುತ್ತಿದ್ದ ಗದ್ದೆ ಅವನ ಹೆಸರಿಗೆ ಆಗುತ್ತಿತ್ತು. ಅರ್ಜಿ ಕೊಡುವ ಗಡುವು 1979ರ ಜೂನ್‌ವರೆಗೂ ನಡೆಯಿತು. ಒಂದೇ ಹಾಳೆಯ ಆ ಫಾರ್ಮು ಕರಾವಳಿಯ ಬಡತನಕ್ಕೆ ಕೊಟ್ಟ ಪೆಟ್ಟನ್ನು ಆಮೇಲಿನ ಯಾವ ದೊಡ್ಡ ಯೋಜನೆಯೂ ಕೊಟ್ಟಿಲ್ಲ. ಗೇಣಿಗೆ ಹೋಗುತ್ತಿದ್ದ ಅಕ್ಕಿ ಮನೆಯಲ್ಲೇ ಉಳಿಯಿತು. ಉಳಿದ ಅಕ್ಕಿಯಿಂದ ಮಕ್ಕಳು ಶಾಲೆಯಲ್ಲಿ ಉಳಿದರು.

ಶಾಲೆಯೂ ಹತ್ತಿರದಲ್ಲೇ ಇತ್ತು ಎಂಬುದನ್ನು ಮರೆಯಬಾರದು. ದೇಸಾಯಿಯವರು 1953ರಲ್ಲೇ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಜಿಲ್ಲೆಯ ಉದ್ದಗಲಕ್ಕೂ ಹೈಸ್ಕೂಲುಗಳನ್ನು ತೆರೆದಿದ್ದರು. 1966ರಲ್ಲಿ ಅಂಕೋಲೆಗೆ ಗೋಖಲೆ ಶತಾಬ್ದಿ ಕಾಲೇಜೂ ಬಂತು. ನೆಲ ಮತ್ತು ಓದು ಒಂದೇ ತಲೆಮಾರಿಗೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಜಗತ್ತಿನಲ್ಲಿ ಸಾಕ್ಷಿಯಿದೆ. ಎರಡನೇ ಮಹಾಯುದ್ಧದ ನಂತರ ಜಪಾನ್, ದಕ್ಷಿಣ ಕೊರಿಯಾ, ತೈವಾನ್ ಮೂರೂ ಕಾರ್ಖಾನೆ ಕಟ್ಟುವ ಮೊದಲು ಉಳುವವನಿಗೆ ಭೂಮಿ ಕೊಟ್ಟವು, ಹಳ್ಳಿಹಳ್ಳಿಗೆ ಶಾಲೆ ಕೊಟ್ಟವು. ಅವುಗಳ ಕೈಗಾರಿಕೆ ಬೆಳೆದದ್ದು ಆ ಅಡಿಪಾಯದ ಮೇಲೆ.

ಇನ್ನು ಹೋದ ಕಥೆ. ಗದ್ದೆ ಹೆಸರಿಗೆ ಬಂದು ಎಷ್ಟೋ ಮನೆಗಳಲ್ಲಿ ಹತ್ತು ವರ್ಷ ಆಗಿತ್ತೋ ಇಲ್ಲವೋ, 1986ರ ಅಕ್ಟೋಬರ್‌ನಲ್ಲಿ ಪ್ರಧಾನಿ ರಾಜೀವ್ ಗಾಂಧಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು. ಕಾರವಾರ, ಅಂಕೋಲಾ ತಾಲ್ಲೂಕುಗಳ ಹದಿಮೂರು ಹಳ್ಳಿಗಳ ನೆಲ ಸ್ವಾಧೀನವಾಯಿತು. ಸಾವಿರಾರು ಮನೆಯವರು ಕೇರಿ, ದೇವಸ್ಥಾನ, ಬಾವಿ ಬಿಟ್ಟು ಪುನರ್ವಸತಿ ಕಾಲೊನಿಗಳಿಗೆ ಬಂದರು. ಅಲ್ಲಿ ಎದ್ದ ನೆಲೆ ‘ಐಎನ್‌ಎಸ್ ಕದಂಬ’ ಎಂಬ ಹೆಸರಿನಲ್ಲಿ 2005ರ ಮೇ 31ರಂದು ನೌಕಾಪಡೆಗೆ ಸೇರಿತು. ಎರಡನೇ ಹಂತದ ಹಲವು ಕಾಮಗಾರಿಗಳನ್ನು ರಕ್ಷಣಾ ಸಚಿವರು 2025ರ ಏಪ್ರಿಲ್‌ನಲ್ಲಿ ಉದ್ಘಾಟಿಸಿದರು. ನೆಲೆ ದೇಶಕ್ಕೆ ಬೇಕಿತ್ತೇ ಎಂಬ ಪ್ರಶ್ನೆ ಇಲ್ಲಿ ಯಾರದ್ದೂ ಅಲ್ಲ. ಮುಂಬೈ ಬಂದರು ಕಿಕ್ಕಿರಿದಿತ್ತು, ಪಶ್ಚಿಮ ಕರಾವಳಿಗೆ ಇನ್ನೊಂದು ದೊಡ್ಡ ನೆಲೆ ಬೇಕಿತ್ತು. ಜನ ಜಾಗ ಬಿಟ್ಟದ್ದೂ ಆ ಕಾರಣಕ್ಕೇ. ಪ್ರಶ್ನೆ ಇರುವುದು ಕೊಟ್ಟದ್ದನ್ನು ಎಣಿಸಿದ ರೀತಿಯಲ್ಲಿ.

ಆ ಕಾಲದ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಇಪ್ಪತ್ತು ಗುಂಟೆ ಗದ್ದೆ, ಹಿತ್ತಲಲ್ಲಿ ಹತ್ತಾರು ತೆಂಗು, ಒಂದು ಹಲಸು, ಒಂದು ಕರಿ ಇಶಾಡ ಮಾವು, ಎರಡು ದನ, ಹೆಂಚಿನ ಮನೆ. ಸರ್ವೆಯವರು ಬಂದು ಗುಂಟೆ ಅಳೆದರು, ಮರ ಎಣಿಸಿದರು, ಗೋಡೆಗೆ ಬೆಲೆ ಕಟ್ಟಿದರು. ಪಟ್ಟಿ ಮುಗಿಯಿತು. ಆದರೆ ಆ ದನ ಮೇಯುತ್ತಿದ್ದುದು ಗುಡ್ಡದಲ್ಲಿ. ಗದ್ದೆಯ ಗೊಬ್ಬರಕ್ಕೆ ತರಗೆಲೆ, ಸೊಪ್ಪು ಬರುತ್ತಿದ್ದುದೂ ಅಲ್ಲಿಂದಲೇ. ಇಳಿತದ ಹೊತ್ತಿಗೆ ಮನೆಯ ಹೆಂಗಸರು ಹಳ್ಳದ ಅಳಿವೆಗೆ ಇಳಿದು ಬಳಚು ಎಂಬ ಚಿಪ್ಪುಮೀನು ಹೆಕ್ಕಿ ತಂದರೆ ಸಾರಿಗೆ ದುಡ್ಡು ಬೇಕಿರಲಿಲ್ಲ. ಬೇಸಿಗೆಯಲ್ಲಿ ಮರಳ ದಂಡೆಯ ಮೇಲೆ ಒಣಗಿಸಿದ ಮೀನು ಮಳೆಗಾಲ ದಾಟಿಸುತ್ತಿತ್ತು. ನೆಟ್ಟಿಯ ದಿನ ಪಕ್ಕದ ಮನೆಯವರು ಬರುತ್ತಿದ್ದರು, ಅವರ ನೆಟ್ಟಿಗೆ ಇವರು ಹೋಗುತ್ತಿದ್ದರು. ಊರಿನ ಅಂಗಡಿಯಲ್ಲಿ ಕಡ ಹುಟ್ಟುತ್ತಿತ್ತು. ಇದರಲ್ಲಿ ಯಾವುದಕ್ಕೂ ಪಹಣಿ ಇಲ್ಲ, ಆದ್ದರಿಂದ ಯಾವುದಕ್ಕೂ ಪರಿಹಾರ ಇಲ್ಲ. ಗುಂಟೆಯೂ ಇಲ್ಲದೆ ಕೂಲಿ, ಮೀನು, ಅಳಿವೆಯನ್ನೇ ನಂಬಿದ್ದವರಿಗಂತೂ ಪಟ್ಟಿಯಲ್ಲಿ ಸಾಲೇ ಇರಲಿಲ್ಲ.

ವಿಶ್ವಬ್ಯಾಂಕಿನಲ್ಲಿ ಸಮಾಜಶಾಸ್ತ್ರಜ್ಞರಾಗಿ ಕೆಲಸ ಮಾಡಿದ ಮೈಕೆಲ್ ಚೆರ್ನಿಯಾ ಎಂಬವರು ಹಲವು ದೇಶಗಳ ಇಂಥ ಸ್ಥಳಾಂತರಗಳನ್ನು ಅಭ್ಯಾಸ ಮಾಡಿ, ಯೋಜನೆಗಳು ಜನರನ್ನು ಬಡವರನ್ನಾಗಿಸುವ ಎಂಟು ದಾರಿಗಳನ್ನು 1990ರ ದಶಕದಲ್ಲಿ ಗುರುತಿಸಿದರು: ನೆಲ ಹೋಗುವುದು, ಕೆಲಸ ಹೋಗುವುದು, ಮನೆ ಹೋಗುವುದು, ಊರೊಳಗಿನ ಸ್ಥಾನಮಾನ ಕುಸಿಯುವುದು, ಊಟದ ಭದ್ರತೆ ತಪ್ಪುವುದು, ಕಾಯಿಲೆ–ಸಾವು ಹೆಚ್ಚುವುದು, ಎಲ್ಲರಿಗೂ ಸೇರಿದ ಗುಡ್ಡ–ನೀರು–ತೀರ ಕೈಬಿಡುವುದು, ನೆರೆಹೊರೆಯ ನಂಟು ಹರಿಯುವುದು. ನಮ್ಮ ಪರಿಹಾರದ ಕಾನೂನುಗಳು ಬಹುಕಾಲ ಈ ಎಂಟರಲ್ಲಿ ಎರಡನ್ನು, ನೆಲ ಮತ್ತು ಮನೆಯನ್ನು ಮಾತ್ರ ನಷ್ಟವೆಂದು ಒಪ್ಪಿಕೊಂಡಿದ್ದವು. ಮಿಕ್ಕ ಆರನ್ನು ಜನ ತಮ್ಮ ಜೇಬಿನಿಂದಲೇ ತುಂಬಿಕೊಳ್ಳಬೇಕಾಯಿತು. ತೀರ ಬಿಟ್ಟು ದೂರದ ಕಾಲೊನಿಗೆ ಬಂದ ಮೀನುಗಾರ ಹೆಂಗಸಿಗೆ ಬುಟ್ಟಿ ಹೊತ್ತು ನಡೆದು ಮಾರುತ್ತಿದ್ದ ದಾರಿಗೆ ರಿಕ್ಷಾ ಬಾಡಿಗೆ ಬಿತ್ತು. ಹೆಕ್ಕಿ ತರುತ್ತಿದ್ದ ಸಾರಿನ ಸಾಮಾನಿಗೂ, ಸೌದೆಗೂ ದುಡ್ಡು ಎಣಿಸಬೇಕಾಯಿತು. ನಗದು ಆದಾಯ ಮೊದಲಿಗಿಂತ ಹೆಚ್ಚಾಗಿಯೂ ಆ ಮನೆ ಮೊದಲಿಗಿಂತ ಬಡವಾಗಬಹುದು. ಸರ್ಕಾರಿ ಅಂಕಿಅಂಶದಲ್ಲಿ ಕಾಣುವುದು ಹೆಚ್ಚಿದ ಆದಾಯ ಮಾತ್ರ.

ಸಮುದ್ರದಲ್ಲೂ ಇಂಥದ್ದೇ ನಡೆಯಿತು, ಅದಕ್ಕೆ ಯಾವ ಭೂಸ್ವಾಧೀನವೂ ಬೇಕಾಗಲಿಲ್ಲ. ದಡದಿಂದ ರಂಪಣಿ ಬಲೆ ಎಳೆಯುವ ದಿನ ಹಗ್ಗಕ್ಕೆ ಕೈಹಾಕಿದವನಿಗೆ ಪಾಲಿತ್ತು. ಕೇರಿಯ ಹತ್ತಾರು ಮನೆಗಳಿಗೆ ಒಂದೇ ಬಲೆಯಿಂದ ಬುತ್ತಿ. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದು ಬಂಗುಡೆ, ತಾರಲೆಯ ಹಿಂಡುಗಳನ್ನು ದಡಕ್ಕೆ ಬರುವ ಮೊದಲೇ ಸುತ್ತುವರಿಯತೊಡಗಿದವು. ಕೆಲವೇ ವರ್ಷಗಳಲ್ಲಿ ರಂಪಣಿಗಳು ಮೂಲೆ ಸೇರಿದವು. ಬಂದರಿಗೆ ಇಳಿದ ಮೀನು ಹೆಚ್ಚಿತು, ಸಾಲ ತೆಗೆದು ಬೋಟು ಕಟ್ಟಿಸಿದವರು ಮೇಲೆ ಬಂದರು. ಪಾಲು ಹಂಚಿಕೊಳ್ಳುವ ಕೈಗಳು ಮಾತ್ರ ಕಡಿಮೆಯಾದವು. ಉತ್ಪಾದನೆ ಏರಿದರೆ ಬಡತನ ತಾನಾಗಿ ಇಳಿಯುತ್ತದೆ ಎಂದು ನಂಬುವವರು ರಂಪಣಿಯ ಲೆಕ್ಕವನ್ನು ಒಮ್ಮೆ ನೋಡಬೇಕು.

ಮತ್ತೆ ಸೀಬರ್ಡಿಗೆ ಬರೋಣ. ಅಲ್ಲಿ ಎಲ್ಲಕ್ಕಿಂತ ದುಬಾರಿಯಾದದ್ದು ವಿಳಂಬ. ಮೊದಲು ಕೊಟ್ಟ ಪರಿಹಾರ ತೀರ ಕಡಿಮೆಯೆಂದು ಜನ ಕೋರ್ಟಿಗೆ ಹೋದರು. ಕೋರ್ಟು ಅದನ್ನು ಹಲವು ಪಟ್ಟು ಹೆಚ್ಚಿಸಿತು. 1894ರ ಭೂಸ್ವಾಧೀನ ಕಾಯ್ದೆಯ 28ಎ ಕಲಮಿನ ಪ್ರಕಾರ, ಒಬ್ಬನಿಗೆ ಕೋರ್ಟು ಹೆಚ್ಚು ದರ ಕೊಟ್ಟರೆ, ಅದೇ ಅಧಿಸೂಚನೆಯಲ್ಲಿ ನೆಲ ಕಳೆದುಕೊಂಡ, ಕೋರ್ಟಿಗೆ ಹೋಗದ ನೆರೆಯವನೂ ಆ ದರ ಕೇಳಬಹುದು. ಕಾರವಾರದಲ್ಲಿ ‘28ಎ ಕೇಸು’ ಎಂದರೆ ಓದು ಬಾರದ ಅಜ್ಜಿಗೂ ಗೊತ್ತು. ಆ ದುಡ್ಡು ಎಷ್ಟೋ ಮನೆಗಳಿಗೆ ಬಂದದ್ದು ಮೂರು ದಶಕ ಕಳೆದ ಮೇಲೆ, ಅಜ್ಜ ಕೊಟ್ಟ ಅರ್ಜಿಗೆ ಮೊಮ್ಮಗ ಸಹಿ ಹಾಕಿದ ಮೇಲೆ.

ತಡವಾದರೇನು, ಬಡ್ಡಿ ಸೇರಿಸಿ ಕೊಡುತ್ತಾರಲ್ಲ ಎನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ಕೋರ್ಟು ಹೆಚ್ಚಿಸಿದ ಮೊತ್ತಕ್ಕೆ ಆ ಕಾಯ್ದೆಯಡಿ ಮೊದಲ ವರ್ಷ ಶೇ 9, ಆಮೇಲೆ ವರ್ಷಕ್ಕೆ ಶೇ 15 ಸರಳ ಬಡ್ಡಿ. ಮೂವತ್ತು ವರ್ಷದ ಹಿಂದೆ ಸಿಗಬೇಕಿದ್ದ 100 ರೂಪಾಯಿ ಇಂದು ಬಡ್ಡಿ ಸೇರಿ 544 ರೂಪಾಯಿ ಆಗುತ್ತದೆ. ಬೆಲೆಗಳು ವರ್ಷಕ್ಕೆ ಶೇ 7ರಂತೆ ಏರಿವೆ ಎಂದಿಟ್ಟುಕೊಂಡರೆ, ಅಂದು 100 ರೂಪಾಯಿಗೆ ಸಿಗುತ್ತಿದ್ದ ಸಾಮಾನಿಗೆ ಇಂದು 761 ರೂಪಾಯಿ ಬೇಕು. ಶೇ 15 ಎಂಬ ದೊಡ್ಡ ಬಡ್ಡಿಯ ಮೇಲೂ ನಷ್ಟವೇ. ಏಕೆಂದರೆ ಬಡ್ಡಿ ಸರಳ, ಬೆಲೆಯೇರಿಕೆ ಚಕ್ರಬಡ್ಡಿ. ಇದು ಅಕ್ಕಿಬೇಳೆಯ ಲೆಕ್ಕ. ನೌಕಾನೆಲೆ, ಹೆದ್ದಾರಿ, ರೈಲು ಬಂದ ಊರಿನಲ್ಲಿ ಜಾಗದ ಬೆಲೆ ಅಕ್ಕಿಬೇಳೆಯ ಜೊತೆ ಏರುವುದಿಲ್ಲ, ಅದನ್ನು ಹಿಂದೆ ಹಾಕಿ ಓಡುತ್ತದೆ. ಆ ಏರಿಕೆಯ ಲಾಭ ಸಿಕ್ಕಿದ್ದು ಜಾಗ ಉಳಿಸಿಕೊಂಡವರಿಗೆ. ಜಾಗ ಕೊಟ್ಟವರು ಅದೇ ಊರಿನಲ್ಲಿ ಮನೆ ಕಟ್ಟಲು ನಾಲ್ಕು ಗುಂಟೆ ಕೊಳ್ಳಲಾಗದೆ ಉಳಿದರು. ಮಕ್ಕಳು ಕಾಲೇಜಿಗೆ ಹೋಗಬೇಕಿದ್ದ ವರ್ಷಗಳಲ್ಲಿ ಬಾರದ ದುಡ್ಡು ಅವರು ನಡುವಯಸ್ಸಿಗೆ ಬಂದ ಮೇಲೆ ಬಂದರೆ, ಯಾವ ಬಡ್ಡಿಯೂ ಆ ವರ್ಷಗಳನ್ನು ತಿರುಗಿಸಿ ಕೊಡುವುದಿಲ್ಲ.

ಉದ್ಯೋಗ ಬಂತಲ್ಲ ಎಂಬುದು ಇನ್ನೊಂದು ವಾದ. ಬಂತು, ಇಲ್ಲವೆನ್ನಲಾಗದು. ಆದರೆ ಅಣುಸ್ಥಾವರಕ್ಕೂ ನೌಕಾನೆಲೆಗೂ ಬೇಕಾದವರನ್ನು ದೇಶದಾದ್ಯಂತ ಪರೀಕ್ಷೆ ನಡೆಸಿ ಆರಿಸುತ್ತಾರೆ. ಆ ಪರೀಕ್ಷೆ ದಾಟುವ ತಯಾರಿ ಊರಿನಲ್ಲಿ ಇಲ್ಲದಿದ್ದರೆ ಸ್ಥಳೀಯರಿಗೆ ಉಳಿಯುವುದು ಗುತ್ತಿಗೆಯ ಕೆಲಸ. ಆಸ್ಪತ್ರೆಯ ಸ್ಥಿತಿ ಇನ್ನೂ ಕಷ್ಟ. ಕಾರವಾರಕ್ಕೆ 2016ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದರೂ ಹೃದಯಾಘಾತ, ತಲೆಗೆ ಪೆಟ್ಟು ಎಂದರೆ ಜನ ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವಾದ ಹಾದಿ ಹಿಡಿಯುತ್ತಾರೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಉರುಳಿ ಜೀವಗಳು ಹೋದ ಮೇಲೆ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಮತ್ತೆ ಎದ್ದಿತು. ಕೆಳಮಧ್ಯಮ ವರ್ಗದ ಮನೆಯೊಂದು ಒಂದೇ ವಾರದಲ್ಲಿ ಬಡತನಕ್ಕೆ ಜಾರುವುದು ಹೆಚ್ಚಾಗಿ ಆಸ್ಪತ್ರೆಯ ಬಿಲ್ಲಿನಿಂದ. ಆ ಜಾರುವಿಕೆಯನ್ನು ತಡೆಯುವ ಕಟ್ಟಡ ಇಷ್ಟು ಯೋಜನೆಗಳ ನಡುವೆ ಇಲ್ಲಿ ಏಳಲಿಲ್ಲ.

ಬೇರೆ ಕಡೆ ಬೇರೆ ದಾರಿಗಳಿವೆ. ಬ್ರೆಜಿಲ್‌ನಲ್ಲಿ ಜಲವಿದ್ಯುತ್ ಸ್ಥಾವರದ ಆದಾಯದಲ್ಲಿ ಒಂದು ಪಾಲು, ಮುಳುಗಡೆಯಾದ ಸ್ಥಳೀಯ ಆಡಳಿತಗಳಿಗೆ ಕಾನೂನಿನಂತೆ ಸಲ್ಲಬೇಕು. ಅದು ಸ್ಥಾವರ ನಡೆಯುವಷ್ಟು ಕಾಲವೂ ಬರುವ ದುಡ್ಡು. ನಮ್ಮಲ್ಲೂ 2008ರ ಜಲವಿದ್ಯುತ್ ನೀತಿ, ಸ್ಥಳೀಯ ಅಭಿವೃದ್ಧಿಗೆಂದು ಶೇ 1ರಷ್ಟು ವಿದ್ಯುತ್ತನ್ನು, ಸಂತ್ರಸ್ತ ಕುಟುಂಬಗಳಿಗೆ ಹತ್ತು ವರ್ಷ ತಿಂಗಳಿಗೆ 100 ಯೂನಿಟ್ ಉಚಿತವಾಗಿ ಕೊಡಲು ಹೇಳಿತು. ಗಣಿ ಜಿಲ್ಲೆಗಳಿಗೆ 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಬರುತ್ತಿದೆ. ಒಮ್ಮೆ ಪರಿಹಾರ ಕೊಟ್ಟು ಕೈತೊಳೆದುಕೊಳ್ಳುವುದು ಬೇರೆ, ಯೋಜನೆ ದುಡಿಯುವವರೆಗೆ ಊರಿಗೆ ಪಾಲು ಕೊಡುವುದು ಬೇರೆ. ಕಾಳಿ ಕಣಿವೆಯ ಹಳೆಯ ಅಣೆಕಟ್ಟುಗಳು ಈ ತಿಳಿವಳಿಕೆ ಬರುವ ಮೊದಲೇ ಎದ್ದು ನಿಂತವು. ಕದ್ರಾದ ಕೆಳಗಿನ ಹಳ್ಳಿಗಳಿಗೆ ಆ ಅಣೆಕಟ್ಟಿನಿಂದ ತಪ್ಪದೆ ಬಂದದ್ದೆಂದರೆ 2019ರಂಥ ಮಳೆಗಾಲಗಳಲ್ಲಿ ಗೇಟು ತೆರೆದಾಗ ನುಗ್ಗುವ ನೀರು.

ಇದೆಲ್ಲ ಈಗ ಏಕೆ ಎಂದರೆ, ಮುಂದಿನ ಸುತ್ತು ಶುರುವಾಗಿದೆ. ಅಂಕೋಲೆಯ ಕೇಣಿಯಲ್ಲಿ 4,119 ಕೋಟಿ ರೂಪಾಯಿಯ ಖಾಸಗಿ ಬಂದರಿಗೆ 2023ರಲ್ಲಿ ಜೆಎಸ್‌ಡಬ್ಲ್ಯು ಸಮೂಹದ ಕಂಪನಿಗೆ ಒಪ್ಪಿಗೆ ಸಿಕ್ಕಿದೆ. ಮೀನುಗಾರರು ಬೀದಿಗಿಳಿದಿದ್ದಾರೆ. ಅಲಗೇರಿ ಬಳಿ ವಿಮಾನ ನಿಲ್ದಾಣಕ್ಕೆ ಜಾಗ ಹೋಗಿದೆ. 2013ರ ಹೊಸ ಭೂಸ್ವಾಧೀನ ಕಾಯ್ದೆ ಹಳೆಯದಕ್ಕಿಂತ ಎಷ್ಟೋ ವಾಸಿ. ಹಳ್ಳಿಯಲ್ಲಿ ಮಾರುಕಟ್ಟೆ ಬೆಲೆಯ ನಾಲ್ಕು ಪಟ್ಟಿನವರೆಗೆ ಪರಿಹಾರ, ಅದರ ಮೇಲೆ ಕುಟುಂಬಕ್ಕೊಂದು ಉದ್ಯೋಗ, ಇಲ್ಲವೇ 5 ಲಕ್ಷ ರೂಪಾಯಿ, ಇಲ್ಲವೇ ಇಪ್ಪತ್ತು ವರ್ಷ ತಿಂಗಳಿಗೆ ಕನಿಷ್ಠ 2,000 ರೂಪಾಯಿ. ಮೂರು ವರ್ಷದಿಂದ ಕಾಡನ್ನೋ ನೀರನ್ನೋ ನಂಬಿ ಬದುಕಿದ ಮೀನುಗಾರ, ದೋಣಿಯವರನ್ನೂ ಅದು ‘ಬಾಧಿತ ಕುಟುಂಬ’ ಎಂದು ಒಪ್ಪುತ್ತದೆ. ಆದರೆ ಒಂದು ತೊಡಕಿದೆ. ಇವೆಲ್ಲ ಅನ್ವಯವಾಗುವುದು ಭೂಮಿ ಸ್ವಾಧೀನವಾದಾಗ. ಬಂದರಿಗೆ ಬೇಕಾದದ್ದು ಮುಖ್ಯವಾಗಿ ಸಮುದ್ರ ಮತ್ತು ತೀರ. ಅವುಗಳ ಸ್ವಾಧೀನಕ್ಕೆ ಯಾರ ಗುಂಟೆಯನ್ನೂ ಅಳೆಯಬೇಕಿಲ್ಲ. ದಡದಲ್ಲಿ ಏಂಡಿ ಬಲೆ ಹಾಕುವವನೂ ಬಳಚು ಹೆಕ್ಕುವವಳೂ ಹೊಸ ಕಾನೂನಿನಲ್ಲೂ ಪಟ್ಟಿಯ ಹೊರಗೇ ಉಳಿದುಬಿಡಬಹುದು.

ಆದ್ದರಿಂದ ಬೇಕು–ಬೇಡದ ಜಗಳದ ಜೊತೆಗೇ ಮೂರು ಮಾತು ಕಾಗದದ ಮೇಲೆ ಬರಬೇಕು. ಒಂದು, ಮೊದಲ ಕಲ್ಲು ಸಮುದ್ರಕ್ಕೆ ಬೀಳುವ ಮುನ್ನ ತೀರವನ್ನು ನಂಬಿದವರ ಪಟ್ಟಿ ತಯಾರಾಗಬೇಕು. ದೋಣಿಯ ಮಾಲೀಕ, ಬಲೆ ಎಳೆಯುವವನು, ಮೀನು ಒಣಗಿಸುವವಳು, ಹೊತ್ತು ಮಾರುವವಳು ಎಲ್ಲರ ಹೆಸರೂ ಅದರಲ್ಲಿರಬೇಕು. ಅದನ್ನು ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಎರಡು, ಬಂದರಿನ ವರ್ಷದ ಆದಾಯದಲ್ಲಿ ಇಂತಿಷ್ಟು ಪಾಲು ತಾಲ್ಲೂಕಿನ ಆಸ್ಪತ್ರೆಗೆ, ತರಬೇತಿಗೆ ಎಂದು ಒಪ್ಪಂದದಲ್ಲೇ ಬರೆಯಬೇಕು. ಮೂರು, ಹಣ ಪೂರ್ತಿ ಕೈಗೆ ಬರುವವರೆಗೆ ಕೆಲಸ ಶುರುವಾಗಬಾರದು. ಎಷ್ಟು ಕೊಡುತ್ತೀರಿ ಎಂದು ಕೇಳುವುದು ಕಾರವಾರದವರಿಗೆ ಚೆನ್ನಾಗಿ ಬರುತ್ತದೆ. ಯಾವಾಗ ಕೊಡುತ್ತೀರಿ ಎಂದು ಅದಕ್ಕಿಂತ ಮೊದಲು ಕೇಳಬೇಕು, ಉತ್ತರವನ್ನು ತಾರೀಖು ಸಮೇತ ಬರೆಸಿಕೊಳ್ಳಬೇಕು.